ಯಂತ್ರ ಬರೆಯುವ ಷರಾ

ನಮ್ಮ ಸರ್ಕಾರಿ ಕಚೇರಿಗಳ ದಫ್ತರಗಳಲ್ಲಿ ಕಟ್ಟಕಡೆಯ ಕಾಲಮ್ಮಿಗೆ ‘ಷರಾ’ ಎಂದು ಹೆಸರು. ಅರಬ್ಬಿ ಮೂಲದ ಮಾತು ಇದು. ವಿವರಣೆ, ವ್ಯಾಖ್ಯಾನ ಎಂಬುದು ಅದರ ಮೊದಲ ಅರ್ಥ. ಅಂಥ ಘನವಾದ ಶಬ್ದ ಆಡಳಿತದ ದಾರಿ ಹಿಡಿದು ನಮ್ಮಲ್ಲಿಗೆ ಬಂದು, ಪಾಂಡಿತ್ಯದ ಭಾರವನ್ನೆಲ್ಲ ಇಳಿಸಿಕೊಂಡು, ಗುಮಾಸ್ತರ ಲೇಖನಿಯ ಕೆಳಗೆ ಒಂದೂವರೆ ಅಂಗುಲದ ಇಕ್ಕಟ್ಟಿನಲ್ಲಿ ಸಂಸಾರ ಹೂಡಿತು. ‘ಅರ್ಜಿದಾರರು ಗೈರುಹಾಜರು’, ‘ಇದೇ ವಿಷಯದ ಹಿಂದಿನ ಕಡತವನ್ನು ನೋಡುವುದು’ ಎಂಬಂಥವು ಷರಾಗಳು. ಬರೆದವನ ಚಿಕ್ಕ ರುಜು ಪಕ್ಕದಲ್ಲಿರುತ್ತದೆ. ಆ ರುಜು ಇರುವುದರಿಂದಲೇ ಮಾತಿಗೆ ತೂಕ. ಅದರ ಹಿಂದೆ ಒಬ್ಬ ಮನುಷ್ಯ ಕುಳಿತಿದ್ದಾನೆ, ಬೇಕಾದರೆ ಅವನನ್ನು ಕರೆದು ಕೇಳಬಹುದು.

ಈಗ ಷರಾ ಬರೆಯುವ ಕೆಲಸಕ್ಕೆ ಯಂತ್ರಗಳೂ ಸೇರಿಕೊಂಡಿವೆ. ಒಂದು ಕಡತದಲ್ಲಿ ಏನಾದರೂ ನಡೆದರೆ, ಅದಕ್ಕೆ ನಂಟಿರುವ ಇನ್ನೊಂದು ಕಡತದಲ್ಲಿ ಮನುಷ್ಯನ ಕೈ ತಗಲದೆ ಷರಾ ಬೀಳುತ್ತದೆ. ಬೆಂಗಳೂರಿನ ಗಣಕ ಸಂಸ್ಥೆಗಳಲ್ಲಿ ಇದು ದಿನನಿತ್ಯದ ಸಂಗತಿ. ಭಾಷೆಯನ್ನೇ ಕಸುಬಾಗಿ ಮಾಡಿಕೊಂಡು ಬಾಳಿದ ನನ್ನಂಥವನಿಗೆ ಇದರಲ್ಲಿ ಏನು ಆಸಕ್ತಿ ಎಂದು ಕೇಳುಗರು ಅಚ್ಚರಿಪಡಬಹುದು. ಯಾರು, ಯಾರಿಗೆ, ಯಾರ ಹೆಸರಿನಲ್ಲಿ ಮಾತನಾಡುತ್ತಿದ್ದಾರೆ ಎಂಬುದು ಸಾಹಿತ್ಯ ವಿದ್ಯಾರ್ಥಿಯ ಹಳೆಯ ಪ್ರಶ್ನೆಯೇ ಆದ್ದರಿಂದ ನಾನು ಇದಕ್ಕೆ ಕೈಹಾಕಿದ್ದೇನೆ.

ಮೊದಲು ಕಡತವೆಂದರೇನೆಂದು ಹೇಳಬೇಕು. ಅವರು ಅದನ್ನು ‘ಟಿಕೆಟ್’ ಎನ್ನುತ್ತಾರೆ. ಬಸ್ಸಿನ ಟಿಕೆಟ್ಟಿನಿಂದ ಮಾತ್ರ ಈ ಪದವನ್ನು ಬಲ್ಲ ನಮಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ. ಆದರೆ ಫ್ರೆಂಚ್ ಮೂಲದಲ್ಲಿ ಅದರ ಅರ್ಥ ಅಂಟಿಸಿದ ಸಣ್ಣ ಚೀಟಿ ಎಂದೇ. ಹಾಗಾಗಿ ನಾನು ಚೀಟಿ ಎಂದೇ ಕರೆಯುತ್ತೇನೆ. ಗಣಕದ ಕ್ರಮವಿಧಿಯೊಂದರಲ್ಲಿ ದೋಷ ಕಂಡರೆ, ಅಥವಾ ಹೊಸ ಸೌಕರ್ಯ ಬೇಕೆನಿಸಿದರೆ, ಅದಕ್ಕೊಂದು ಚೀಟಿ ತೆರೆಯುತ್ತಾರೆ. ಚೀಟಿಗೊಂದು ಸಂಖ್ಯೆ, ಒಬ್ಬ ಹೊಣೆಗಾರ, ‘ತೆರೆದಿದೆ’ ‘ನಡೆಯುತ್ತಿದೆ’ ‘ಮುಗಿದಿದೆ’ ಎಂಬ ಸ್ಥಿತಿ. ಕೆಳಗೆ ಒಬ್ಬರಾದ ಮೇಲೆ ಒಬ್ಬರು ಬರೆಯುತ್ತ ಹೋಗುವ ಟಿಪ್ಪಣಿಗಳು.

ಅಂಟಿಸಿದ ಚೀಟಿ ಎಂದಾಗ ಒಂದು ಪ್ರಸಂಗ ನೆನಪಾಗುತ್ತದೆ. ೧೯೪೭ರ ಸೆಪ್ಟೆಂಬರ್ ೯ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್ ಟೂ ಎಂಬ ಬೃಹತ್ ಗಣಕ ಕೈಕೊಟ್ಟಿತು. ಬಿಚ್ಚಿ ನೋಡಿದರೆ ಒಂದು ರಿಲೇಯೊಳಗೆ ಪತಂಗವೊಂದು ಸಿಕ್ಕಿಬಿದ್ದಿತ್ತು. ಅದನ್ನು ತೆಗೆದು ದಿನಚರಿಯ ಪುಟಕ್ಕೆ ಟೇಪಿನಿಂದ ಅಂಟಿಸಿ, ನಿಜವಾದ ಹುಳುವೊಂದು ಸಿಕ್ಕಿದ್ದು ಇದೇ ಮೊದಲು ಎಂಬರ್ಥದ ಷರಾ ಬರೆದರು. ಯಂತ್ರದೋಷಕ್ಕೆ ‘ಬಗ್’, ಅಂದರೆ ಹುಳು ಎನ್ನುವ ರೂಢಿ ಅದಕ್ಕೂ ಹಿಂದಿನದು. ಎಡಿಸನ್ ೧೯ನೆಯ ಶತಮಾನದಲ್ಲೇ ಬಳಸಿದ್ದಾನೆ. ಆದ್ದರಿಂದಲೇ ಆ ಷರಾದಲ್ಲಿ ವಿನೋದವಿದೆ. ಪುಟ ಈಗಲೂ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ದೋಷವೂ ಅಲ್ಲೇ, ಸಾಕ್ಷ್ಯವೂ ಅಲ್ಲೇ, ಷರಾವೂ ಅಲ್ಲೇ. ಒಂದು ಯಂತ್ರ, ಒಂದು ಪುಸ್ತಕ, ಒಂದು ಕೊಠಡಿ. ಅಷ್ಟು ಚಿಕ್ಕ ಪ್ರಪಂಚದಲ್ಲಿ ಒಂದು ಚೀಟಿ ಇನ್ನೊಂದು ಚೀಟಿಗೆ ಸುದ್ದಿ ಹೇಳಬೇಕಾದ ಪ್ರಮೇಯವೇ ಇರಲಿಲ್ಲ.

ಕೆಲಸಗಾರರು ದೇಶವಿದೇಶಗಳಿಗೆ ಹರಡಿಕೊಂಡಾಗ ಈ ಪ್ರಮೇಯ ಬಂತು. ಡೆಬಿಯನ್ ಎಂಬ ಸ್ವತಂತ್ರ ತಂತ್ರಾಂಶ ಸಮುದಾಯಕ್ಕಾಗಿ ಇಯಾನ್ ಜಾಕ್ಸನ್ ೧೯೯೪ರ ಸುಮಾರಿಗೆ ಕಟ್ಟಿದ ವ್ಯವಸ್ಥೆ ಪೂರ್ತಿಯಾಗಿ ಮಿಂಚಂಚೆಯ ಮೇಲೆ ನಡೆಯುವಂಥದು. ಪ್ರತಿಯೊಂದು ದೋಷಕ್ಕೂ ಒಂದು ವಿಳಾಸ, ಅದಕ್ಕೆ ಪತ್ರ ಬರೆದರೆ ಅದೇ ಟಿಪ್ಪಣಿ. ೧೯೯೮ರಲ್ಲಿ ಮೊಜಿಲ್ಲಾದವರ ಬಗ್‌ಜಿಲ್ಲಾ ಬಂತು. ೨೦೦೨ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಅಟ್ಲಾಸಿಯನ್ ಸಂಸ್ಥೆ ಜಿರಾ ಎಂಬುದನ್ನು ಹೊರತಂದಿತು. ಆ ಸಂಸ್ಥೆಯ ಹುಡುಗರು ಅದುವರೆಗೆ ಬಗ್‌ಜಿಲ್ಲಾವನ್ನೇ ಬಳಸುತ್ತಿದ್ದರಂತೆ. ಜಪಾನೀ ಚಿತ್ರಗಳ ದೈತ್ಯ ಗಾಡ್‌ಜಿಲ್ಲಾನ ಮೂಲ ಹೆಸರು ಗೋಜಿರಾ ಎಂದು ತಮಾಷೆಗೆ ಕರೆಯುತ್ತಿದ್ದರು. ತಮ್ಮದೇ ವ್ಯವಸ್ಥೆ ಕಟ್ಟಿದಾಗ ಮೊದಲ ಅಕ್ಷರ ಉದುರಿಸಿ ಜಿರಾ ಎಂದರು. ಹೆಸರಿಡುವುದರಲ್ಲಿ ಈ ಜನ ನಮ್ಮ ಹಳ್ಳಿಯವರಷ್ಟೇ ಚತುರರು.

ಚೀಟಿಗಳಿಗೂ ಬಂಧುಬಳಗವಿದೆ. ಒಂದೇ ದೋಷವನ್ನು ಇಬ್ಬರು ಬೇರೆಬೇರೆಯಾಗಿ ವರದಿ ಮಾಡಿದರೆ ಎರಡನೆಯದು ಮೊದಲನೆಯದರ ‘ಪ್ರತಿ’. ಒಂದು ಮುಗಿಯದೆ ಇನ್ನೊಂದು ಮುಂದುವರಿಯಲಾಗದಿದ್ದರೆ ಮೊದಲನೆಯದು ಎರಡನೆಯದಕ್ಕೆ ‘ಅಡ್ಡಿ’. ಇನ್ನು ಕೆಲವು ಬರಿಯ ‘ಸಂಬಂಧಿ’. ಮದುವೆ ಮನೆಯಲ್ಲಿ ಯಾವ ಕಡೆಯವರೆಂದು ಖಚಿತವಾಗಿ ಹೇಳಲಾಗದಿದ್ದರೂ ಊಟಕ್ಕೆ ಕೂರುವವರಂತೆ.

ಈ ನಂಟು ಏಕೆ ಮುಖ್ಯವೆಂಬುದಕ್ಕೆ ನಮ್ಮ ಲಿಪಿಯಿಂದಲೇ ಉದಾಹರಣೆ ಕೊಡಬಹುದು. ಕನ್ನಡದ ಒತ್ತಕ್ಷರ ಗಣಕದ ತೆರೆಯ ಮೇಲೆ ಸರಿಯಾಗಿ ಮೂಡಬೇಕಾದರೆ ಮೂರು ಕೈಗಳು ಸೇರಬೇಕು: ಅಕ್ಷರರೂಪಗಳನ್ನು ಹೊತ್ತ ಫಾಂಟು, ಆ ರೂಪಗಳನ್ನು ಆರಿಸಿ ಜೋಡಿಸುವ ಹಾರ್ಫ್‌ಬಜ್‌ನಂಥ ಜೋಡಣೆಗಾರ, ನಾವು ಕಣ್ಣಾರೆ ಕಾಣುವ ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಮೊದಲಾದ ತಂತ್ರಾಂಶ. ‘ಸೂರ್ಯ’ದಲ್ಲಿ ಅರ್ಕಾವೊತ್ತು ಬರಬೇಕು, ‘ರ‍್ಯಾಂಕ್’ ಎಂಬಲ್ಲಿ ಅದು ಬಾರದೆ ರಕಾರ ಇಡಿಯಾಗಿ ನಿಂತು ಅದರ ಕೆಳಗೆ ಯಕಾರದ ಒತ್ತು ಬರಬೇಕು. ಇದಕ್ಕಾಗಿ ಯೂನಿಕೋಡಿನಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ನಡುವೆ ಸೇರಿಸಬೇಕಾಗುತ್ತದೆ. ಈ ಮೂರು ಕೈಗಳಲ್ಲಿ ಯಾವುದು ತಪ್ಪಿದರೂ ಅಕ್ಷರ ಕೆಡುತ್ತದೆ. ಧಾರವಾಡದಲ್ಲಿ ಕುಳಿತು ಕರಡು ತಿದ್ದುವವನೊಬ್ಬ ಒತ್ತು ಕೆಟ್ಟದ್ದನ್ನು ಕಂಡು ಲಿಬ್ರೆ ಆಫೀಸಿನವರಲ್ಲಿ ಚೀಟಿ ತೆರೆದನೆನ್ನಿ. ದೋಷವಿರುವುದು ಅವರಲ್ಲಿ ಅಲ್ಲ, ಹಾರ್ಫ್‌ಬಜ್‌ನಲ್ಲಿ. ಆ ಮನೆಯ ಚೀಟಿಗಳ ಪೆಟ್ಟಿಗೆ ಬೇರೆ, ಅಲ್ಲಿನ ಜನ ಬೇರೆ. ಅಲ್ಲಿ ಯಾರೋ ಪುಣ್ಯಾತ್ಮ ಒಂದು ದಿನ ದೋಷವನ್ನು ತಿದ್ದುತ್ತಾನೆ. ಆ ಸುದ್ದಿ ಧಾರವಾಡಕ್ಕೆ ತಲುಪಿಸುವವರು ಯಾರು? ತಿದ್ದಿದವನಿಗೆ ಕರಡು ತಿದ್ದುವವನ ಪರಿಚಯವಿಲ್ಲ. ಲಿಬ್ರೆ ಆಫೀಸಿನ ಸ್ವಯಂಸೇವಕನಿಗೆ ನೆನಪಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ದೋಷ ನೀಗಿದ ಮೇಲೂ ಚೀಟಿ ತೆರೆದೇ ಬಿದ್ದಿರುತ್ತದೆ. ಕನ್ನಡದ ಗೋಳು ಕೇಳುವವರಿಲ್ಲವೆಂದು ಆತ ಅಂದುಕೊಳ್ಳುತ್ತಾನೆ. ಎರಡನೆಯ ಸಲ ಆತ ವರದಿ ಮಾಡುವುದೇ ಇಲ್ಲ.

ಈ ಮೌನವನ್ನು ತುಂಬುವುದಕ್ಕೆಂದೇ ಯಂತ್ರದ ಷರಾ ಹುಟ್ಟಿದ್ದು. ಬಗ್‌ಜಿಲ್ಲಾದಲ್ಲಿ ಒಂದು ಚೀಟಿಯನ್ನು ಇನ್ನೊಂದರ ಪ್ರತಿಯೆಂದು ಗುರುತು ಮಾಡಿದ ಕೂಡಲೆ ಎರಡೂ ಕಡೆ ಒಂದೊಂದು ವಾಕ್ಯ ತಾನಾಗಿಯೇ ಮೂಡುತ್ತದೆ: ಇದು ಇಂಥ ಸಂಖ್ಯೆಯ ಪ್ರತಿ ಎಂದು ಇಲ್ಲಿ, ಇಂಥ ಸಂಖ್ಯೆಯನ್ನು ಇದರ ಪ್ರತಿಯೆಂದು ಗುರುತಿಸಲಾಗಿದೆ ಎಂದು ಅಲ್ಲಿ. ಡೆಬಿಯನ್ನರಲ್ಲಿ ಬಿಟಿಎಸ್ ಲಿಂಕ್ ಎಂಬ ಸೇವಕನಿದ್ದಾನೆ. ಬೇರೆ ಮನೆಗೆ ಒಪ್ಪಿಸಿದ ದೋಷಗಳ ಸ್ಥಿತಿಯನ್ನು ಹೋಗಿ ನೋಡಿ ಬಂದು, ಅಲ್ಲಿ ತಿದ್ದಿದ್ದರೆ ಇಲ್ಲಿ ಗುರುತು ಹಾಕುತ್ತಾನೆ. ನನ್ನ ಅಭಿಪ್ರಾಯದಲ್ಲಿ ಇಷ್ಟು ಉಪಕಾರಿಯಾದ ಜವಾನ ಯಾವ ಕಚೇರಿಯಲ್ಲೂ ಇಲ್ಲ.

ಜಿರಾದಂಥ ವ್ಯವಸ್ಥೆಗಳಲ್ಲಿ ಇಂಥ ಸೇವಕರನ್ನು ಯಾರು ಬೇಕಾದರೂ ನೇಮಿಸಿಕೊಳ್ಳಬಹುದು. ಪದವಿ ತರಗತಿಯಲ್ಲಿ ನನ್ನಲ್ಲಿ ಕನ್ನಡ ಓದಿ, ಈಗ ಬೆಂಗಳೂರಿನಲ್ಲಿ ಈ ಕಸುಬಿನಲ್ಲಿರುವ ಶಿಷ್ಯನೊಬ್ಬ ಮನೆಗೆ ಬಂದಿದ್ದಾಗ ಅದನ್ನು ಬಿಡಿಸಿ ಹೇಳಿದ. ನಿಯಮಕ್ಕೆ ಮೂರು ಅಂಗಗಳು: ಯಾವಾಗ, ಯಾವ ಷರತ್ತಿನ ಮೇಲೆ, ಏನು ಮಾಡಬೇಕು. ಒಂದು ಚೀಟಿ ‘ಮುಗಿದಿದೆ’ ಎಂಬ ಸ್ಥಿತಿಗೆ ಬಂದಾಗ. ಅದು ದೋಷದ ಚೀಟಿಯೇ ಆಗಿದ್ದರೆ. ಅದು ಅಡ್ಡಿಯಾಗಿದ್ದ ಚೀಟಿಗಳಲ್ಲೆಲ್ಲ ಈ ಟಿಪ್ಪಣಿ ಬರೆ.

“ಇದು ನಮ್ಮ ಸಂಭಾವನಾರ್ಥಕ ವಾಕ್ಯವಲ್ಲವೇನಪ್ಪ? ಮಳೆ ಬಂದರೆ ಕೆರೆ ತುಂಬೀತು,” ಎಂದೆ.

“ಹೌದು ಸಾರ್. ಆದರೆ ಕಷ್ಟ ಇರುವುದು ಸರ್ವನಾಮದಲ್ಲಿ,” ಎಂದ.

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ನಿಯಮದೊಳಗೆ ‘ಇಶ್ಯೂ’ ಎಂಬ ಪದ ‘ಈ ಚೀಟಿ’ ಎಂಬ ಅರ್ಥ ಕೊಡುತ್ತದೆ. ನಿಯಮ ಮೂಲ ಚೀಟಿಯಲ್ಲಿ ನಿಂತಿರುವವರೆಗೆ ‘ಈ ಚೀಟಿ’ ಎಂದರೆ ಮೂಲ ಚೀಟಿ. ಆದರೆ ಬಂಧುಗಳ ಮನೆಗೆ ಕವಲೊಡೆದು ಹೋದ ಕೂಡಲೆ ಅದೇ ಪದ ಆ ಬಂಧುವಿನ ಚೀಟಿಯನ್ನು ಸೂಚಿಸತೊಡಗುತ್ತದೆ. ಹೊರಟ ಮನೆಯನ್ನು ಹೇಳಬೇಕಾದರೆ ‘ಟ್ರಿಗರ್ ಇಶ್ಯೂ’, ಅಂದರೆ ಚಾಲನೆ ಕೊಟ್ಟ ಚೀಟಿ ಎಂದೇ ಬರೆಯಬೇಕು. ಇದನ್ನು ಅರಿಯದವನು ನಿಯಮ ಬರೆದರೆ, ೪೫ನೆಯ ಚೀಟಿಯಲ್ಲಿ ‘ಸಂಖ್ಯೆ ೪೫ ಮುಗಿದಿದೆ’ ಎಂಬ ಷರಾ ಬೀಳುತ್ತದೆ. ಮುಗಿದದ್ದು ೧೨, ೪೫ ಇನ್ನೂ ಆರಂಭವೇ ಆಗಿಲ್ಲ. ಓದಿದವನು ಸಂತೋಷದಿಂದ ಮನೆಗೆ ಹೋಗುತ್ತಾನೆ. ಕನ್ನಡ ಬಲ್ಲವರಿಗೆ ಈ ತೊಡಕು ಹೊಸದಲ್ಲ. ‘ತಾನು ಬರುವುದಿಲ್ಲವೆಂದು ಭೀಮ ಅರ್ಜುನನಿಗೆ ಹೇಳಿದ’ ಎಂದರೆ ಬಾರದಿರುವವನು ಭೀಮನೇ. ‘ಅವನು ಬರುವುದಿಲ್ಲವೆಂದು’ ಎಂದರೆ ಬೇರೊಬ್ಬ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಸರ್ವನಾಮ ಸಾಕಾಗಿ, ಸಂದರ್ಭದಿಂದ ಅರ್ಥ ಮಾಡಿಕೊಳ್ಳಬೇಕು. ನಮ್ಮ ಭಾಷೆ ‘ತಾನು’ ಎಂಬ ಒಂದೇ ಮಾತಿನಲ್ಲಿ ಈ ಜಗಳವನ್ನು ತೀರಿಸಿಬಿಟ್ಟಿದೆ. ಆ ನಿಯಮಗಳನ್ನು ರೂಪಿಸಿದವರಿಗೆ ಕನ್ನಡ ಬಂದಿದ್ದರೆ ಚೆನ್ನಾಗಿತ್ತು ಎಂದರೆ ಶಿಷ್ಯ ನಕ್ಕುಬಿಟ್ಟ.

ಇನ್ನೊಂದು ಅಪಾಯ ಪ್ರತಿಧ್ವನಿಯದು. ಇಲ್ಲಿ ಬಿದ್ದ ಟಿಪ್ಪಣಿಯನ್ನು ಅಲ್ಲಿಗೆ ನಕಲು ಮಾಡು ಎಂದು ಒಂದು ನಿಯಮ. ಅಲ್ಲಿ ಬಿದ್ದದ್ದನ್ನು ಇಲ್ಲಿಗೆ ನಕಲು ಮಾಡು ಎಂದು ಇನ್ನೊಂದು. ಎರಡೂ ತನ್ನಷ್ಟಕ್ಕೆ ಸಾಧು. ಒಟ್ಟಿಗೆ ಬಿಟ್ಟರೆ ಎರಡು ಬೆಟ್ಟಗಳ ನಡುವೆ ಕೂಗಿದಂತೆ ಒಂದು ಮಾತು ಮುಗಿಯದೆ ಓಡಾಡುತ್ತದೆ. ಮಿಂಚಂಚೆಯವರು ಈ ಕಷ್ಟವನ್ನು ಬಹಳ ಹಿಂದೆಯೇ ಉಂಡವರು. ‘ರಜೆಯಲ್ಲಿದ್ದೇನೆ’ ಎಂದು ತಾನಾಗಿ ಉತ್ತರಿಸುವ ಇಬ್ಬರು ಪರಸ್ಪರ ಪತ್ರ ಬರೆದುಕೊಂಡರೆ ರಜೆ ಮುಗಿಯುವವರೆಗೂ ಸಂಭಾಷಣೆ ನಡೆಯುತ್ತದೆ. ಎರಿಕ್ ಆಲ್ಮನ್ ಬರ್ಕ್ಲಿಯಲ್ಲಿ ಬರೆದ ‘ವೆಕೇಷನ್’ ಎಂಬ ಕ್ರಮವಿಧಿ ಯಾರಿಗೆ ಉತ್ತರಿಸಿದೆನೆಂದು ಪಟ್ಟಿ ಇಟ್ಟುಕೊಂಡು, ಬೇರೆ ಆದೇಶವಿಲ್ಲದಿದ್ದರೆ ಒಬ್ಬರಿಗೆ ವಾರಕ್ಕೊಮ್ಮೆ ಮಾತ್ರ ಉತ್ತರಿಸುತ್ತಿತ್ತು. ೨೦೦೪ರಲ್ಲಿ ಅಂತರಜಾಲದ ಕಟ್ಟಳೆಗಳ ಪತ್ರಮಾಲಿಕೆಯಲ್ಲಿ ೩೮೩೪ನೆಯದಾಗಿ ಬಂದ ದಾಖಲೆ ಇನ್ನೂ ಮುಂದೆ ಹೋಗಿ, ಯಂತ್ರ ಬರೆದ ಪತ್ರ ತನ್ನ ತಲೆಯ ಮೇಲೆ ‘ಇದು ಯಂತ್ರ ಬರೆದದ್ದು’ ಎಂಬ ಗುರುತು ಹೊತ್ತಿರಬೇಕು, ಅಂಥ ಗುರುತು ಕಂಡರೆ ಇನ್ನೊಂದು ಯಂತ್ರ ಉತ್ತರಿಸಬಾರದು ಎಂದು ವಿಧಿಸಿತು. ಜಿರಾದಲ್ಲೂ ಒಂದು ನಿಯಮದ ಕೆಲಸ ಇನ್ನೊಂದು ನಿಯಮವನ್ನು ಎಬ್ಬಿಸದಂತೆ ಮೊದಲಿನಿಂದಲೇ ತಡೆಯಿಟ್ಟಿದ್ದಾರೆ. ಬೇಕೆಂದವರು ತಾವೇ ಗುರುತು ಹಾಕಿ ಅದನ್ನು ತೆಗೆಯಬೇಕು. ಈ ತಡೆಯನ್ನು ತೆಗೆಯುವವರು ಎರಡು ಸಲ ಯೋಚಿಸಲಿ.

ಗೋಪ್ಯದ ವಿಚಾರ ಇನ್ನೂ ಸೂಕ್ಷ್ಮ. ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ಚೀಟಿಗಳಲ್ಲಿ ಎರಡು ಬಗೆಯ ಟಿಪ್ಪಣಿಗಳುಂಟು; ಮನೆಯವರು ಮಾತ್ರ ಓದುವಂಥದು ಒಂದು, ಗ್ರಾಹಕನ ಕಣ್ಣಿಗೆ ಬೀಳುವಂಥದು ಇನ್ನೊಂದು. ಹಜಾರದಲ್ಲಿ ಆಡುವ ಮಾತೇ ಬೇರೆ, ಅಡುಗೆಮನೆಯಲ್ಲಿ ಆಡುವ ಮಾತೇ ಬೇರೆ ಎಂಬುದು ಎಲ್ಲ ಸಂಸಾರಗಳ ರೀತಿ. ತಂತ್ರಜ್ಞನೊಬ್ಬ ತನ್ನ ಚೀಟಿಯಲ್ಲಿ ‘ಈ ಗ್ರಾಹಕರ ಹಳೆಯ ಲೆಕ್ಕವೆಲ್ಲ ಗೋಜಲಾಗಿದೆ, ಯಾರು ಹೀಗೆ ಮಾಡಿಟ್ಟರೋ’ ಎಂದು ಸಹೋದ್ಯೋಗಿಗೆ ಬರೆದುಕೊಂಡಿರುತ್ತಾನೆ. ನಕಲು ಮಾಡುವ ನಿಯಮಕ್ಕೆ ಹಜಾರ ಯಾವುದು, ಅಡುಗೆಮನೆ ಯಾವುದು ಎಂಬುದನ್ನು ಹೇಳಿಕೊಟ್ಟಿರದಿದ್ದರೆ, ಅದು ಆ ವಾಕ್ಯವನ್ನು ಹಾಗೆಯೇ ಎತ್ತಿ ಗ್ರಾಹಕನ ಮುಂದಿಡುತ್ತದೆ. ಆದ್ದರಿಂದ ಮನುಷ್ಯರ ಟಿಪ್ಪಣಿಗಳನ್ನು ಅಕ್ಷರಶಃ ಸಾಗಿಸುವ ನಿಯಮಗಳನ್ನು ನಾನಂತೂ ಒಪ್ಪಲಾರೆ. ಸ್ಥಿತಿ ಬದಲಾಯಿತೆಂಬ ಸುದ್ದಿಯನ್ನು ಸಾಗಿಸಲಿ. ಮಾತನ್ನು ಆಡಿದವನೇ ಸಾಗಿಸಲಿ.

ಆದರೆ ಇವೆಲ್ಲಕ್ಕಿಂತ ಹೆಚ್ಚಿನ ಹಾನಿ ಸದ್ದಿಲ್ಲದೆ ನಡೆಯುವಂಥದು. ಒಂದು ಸಂಸ್ಥೆಯಲ್ಲಿ ನಡೆದುದನ್ನು ಶಿಷ್ಯ ಹೇಳಿದ; ಸಂಸ್ಥೆಯ ಹೆಸರು ನಮಗೆ ಬೇಡ. ಗ್ರಾಹಕರ ಬಿಲ್ಲು ಲೆಕ್ಕ ಹಾಕುವ ತಂತ್ರಾಂಶ. ಅಲ್ಲಿಯ ಚೀಟಿಗಳಿಗೆ ಒಂದಕ್ಕೊಂದು ನಂಟು ವಿಪರೀತ. ನಂಟಿನ ಚೀಟಿಯಲ್ಲಿ ಹೊಣೆಗಾರ ಬದಲಾದರೆ ಒಂದು ಷರಾ, ಗಡುವು ಬದಲಾದರೆ ಒಂದು ಷರಾ, ಸ್ಥಿತಿ ಬದಲಾದರೆ ಒಂದು, ಹೆಸರಿನಲ್ಲಿ ಕಾಗುಣಿತ ತಿದ್ದಿದರೂ ಒಂದು. ಪ್ರತಿಯೊಂದೂ ಮಿಂಚಂಚೆಯಾಗಿ ಎಲ್ಲರ ಪೆಟ್ಟಿಗೆಗೂ ಹೋಗುತ್ತಿತ್ತು. ಜನ ಏನು ಮಾಡಿದರು? ಯಾರಾದರೂ ಮಾಡುವುದನ್ನೇ ಮಾಡಿದರು. ಆ ಪತ್ರಗಳನ್ನೆಲ್ಲ ಓದದೆ ಒಂದು ಮೂಲೆಗೆ ಸರಿಯುವಂತೆ ಏರ್ಪಾಡು ಮಾಡಿಕೊಂಡರು. ಪರೀಕ್ಷೆ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಒಂದು ಸಂಜೆ ಅದೇ ಚೀಟಿಯಲ್ಲಿ ಎರಡು ಸಾಲು ಬರೆದಳು: ತಿದ್ದಿದ ಮೇಲೂ ಹಳೆಯ ಗ್ರಾಹಕರಿಗೆ ಬಿಲ್ಲು ಎರಡು ಸಲ ಹೋಗುತ್ತಿದೆ, ದಯವಿಟ್ಟು ಬಿಡುಗಡೆ ಮಾಡಬೇಡಿ. ಅವಳ ಸಾಲುಗಳ ಮೇಲೆ ಯಂತ್ರದ ಷರಾಗಳು, ಕೆಳಗೂ ಯಂತ್ರದ ಷರಾಗಳು. ಯಾರೂ ಓದಲಿಲ್ಲ. ತಂತ್ರಾಂಶ ಬಿಡುಗಡೆಯಾಯಿತು, ಬಿಲ್ಲುಗಳು ಎರಡೆರಡು ಹೋದವು. ಮರುದಿನದ ಸಭೆಯಲ್ಲಿ ಹಿರಿಯರು ಆ ಹುಡುಗಿಯನ್ನು ಕೇಳಿದರಂತೆ, “ನೀವು ಮೊದಲೇ ಯಾಕಮ್ಮ ಹೇಳಲಿಲ್ಲ?”

ಅವಳು ಹೇಳಿದ್ದಳು. ಹೇಳಬೇಕಾದ ಜಾಗದಲ್ಲೇ, ಹೇಳಬೇಕಾದ ಹೊತ್ತಿಗೇ ಹೇಳಿದ್ದಳು. ಷರಾದ ಕಾಲಮ್ಮಿನಲ್ಲಿ ರುಜು ಹಾಕಿದ ಮಾತಿಗೂ ಹಾಕದ ಮಾತಿಗೂ ವ್ಯತ್ಯಾಸವೇ ಕಾಣದಂತೆ ಮಾಡಿಟ್ಟವರ ತಪ್ಪು ಅವಳ ತಲೆಗೆ ಬಂತು. ಶಿಷ್ಯ ಇದನ್ನು ಹೇಳುವಾಗ ನಗುತ್ತಿರಲಿಲ್ಲ.

ಹಾಗಾದರೆ ಯಂತ್ರ ಬರೆಯಲೇಬಾರದೆ? ಧಾರವಾಡದ ಕರಡು ತಿದ್ದುವವನನ್ನು ನೆನೆದರೆ ಹಾಗೆನ್ನಲು ಮನಸ್ಸಾಗದು. ಯಾವುದನ್ನು ಬರೆಯಬೇಕೆಂಬುದರಲ್ಲಿ ಮಿತಿ ಬೇಕು. ಗಿಟ್‌ಹಬ್ ಎಂಬ ಪ್ರಸಿದ್ಧ ತಾಣದ ಪದ್ಧತಿ ನನಗೆ ಹಿಡಿಸಿತು. ಒಂದು ಚೀಟಿಯಲ್ಲಿ ಮಾತನಾಡುತ್ತ ಯಾರಾದರೂ ಇನ್ನೊಂದರ ಸಂಖ್ಯೆಯನ್ನು ಉಲ್ಲೇಖಿಸಿದರೆ, ಆ ಇನ್ನೊಂದರಲ್ಲಿ ಟಿಪ್ಪಣಿಯ ಚೌಕಟ್ಟಿಲ್ಲದೆ, ತೆಳುವಾದ ಒಂದು ಸಾಲು ಮಾತ್ರ ಮೂಡುತ್ತದೆ: ಇಂಥವರು ಇಂಥಲ್ಲಿ ಇದನ್ನು ನೆನೆದರು. ನಿಘಂಟಿನಲ್ಲಿ ‘ನೋಡಿ’ ಎಂದು ಸಣ್ಣ ಅಕ್ಷರದಲ್ಲಿ ಹಾಕುವಂತೆ. ಅದನ್ನು ಯಾರೂ ಮನುಷ್ಯನ ಮಾತೆಂದು ಭ್ರಮಿಸುವುದಿಲ್ಲ. ಬೇಕಾದವನು ಹಿಡಿದು ಹೋಗುತ್ತಾನೆ. ಪೂರ್ಣ ಟಿಪ್ಪಣಿ ಬರೆಯಲೇಬೇಕಾದ ಸಂದರ್ಭವೆಂದರೆ ಓದುವವನು ಆ ಸುದ್ದಿಯಿಂದ ಏನಾದರೂ ಮಾಡಬಹುದಾದಾಗ: ಅಡ್ಡಿ ನೀಗಿತು, ಈಗ ನೀನು ಮುಂದುವರಿಯಬಹುದು, ತಿದ್ದುಪಡಿ ಬಂದಿದೆ, ನೀನು ಪರೀಕ್ಷಿಸಿ ನೋಡು. ಗಡುವು ಬದಲಾಯಿತು, ಹೊಣೆಗಾರ ಬದಲಾದ ಎಂಬುವು ಚೀಟಿಯ ಇತಿಹಾಸದಲ್ಲಿ ತಾವಾಗಿ ದಾಖಲಾಗಿರುತ್ತವೆ. ಅವನ್ನು ಮತ್ತೆ ಕೂಗಿ ಹೇಳುವುದು ಡಂಗುರದವನ ಕೆಲಸ.

ರುಜುವಿನ ಪ್ರಶ್ನೆಯೂ ಇದೆ. ನಿಯಮದ ಟಿಪ್ಪಣಿ ಯಾರ ಹೆಸರಿನಲ್ಲಿ ಮೂಡಬೇಕೆಂಬುದನ್ನು ಜಿರಾದಲ್ಲಿ ಆರಿಸಿಕೊಳ್ಳಬಹುದು. ಯಂತ್ರದ ಹೆಸರೇ ಇರಬಹುದು, ಮನುಷ್ಯನೊಬ್ಬನ ಹೆಸರನ್ನೂ ಇಡಬಹುದು. ಸ್ನೇಹಪೂರ್ವಕವಾಗಿ ಕಾಣಲಿ ಎಂದು ಕೆಲವರು ಮನುಷ್ಯನ ಹೆಸರನ್ನು ಇಡುತ್ತಾರಂತೆ. ಇದು ಸಲ್ಲದು. ಗ್ರಾಹಕ ಆ ಹೆಸರು ನಂಬಿ ಮರುಪ್ರಶ್ನೆ ಕೇಳುತ್ತಾನೆ. ಆ ಹೆಸರಿನವನಿಗೆ ತಾನು ಏನು ಬರೆದೆನೆಂಬುದೇ ಗೊತ್ತಿರುವುದಿಲ್ಲ. ಯಂತ್ರ ಯಂತ್ರದ ಹೆಸರಿನಲ್ಲೇ ಬರೆಯಲಿ. ಕೊನೆಯಲ್ಲಿ, ಈ ವಿಷಯವಾಗಿ ಕೇಳಬೇಕಾದವರು ಇಂಥವರು ಎಂದು ಒಬ್ಬ ಮನುಷ್ಯನನ್ನು ತೋರಿಸಲಿ.

ಮಾತಿನ ರೀತಿಯ ಬಗ್ಗೆ ಶಿಷ್ಯ ನನ್ನ ಸಲಹೆ ಕೇಳಿದ. ಅವರ ಸಂಸ್ಥೆಯ ಗ್ರಾಹಕರಲ್ಲಿ ಕನ್ನಡಿಗರೂ ಇದ್ದು, ಕನ್ನಡದಲ್ಲೂ ಟಿಪ್ಪಣಿ ಬೀಳಬೇಕಿತ್ತು. ಅವರು ಸಿದ್ಧಪಡಿಸಿದ್ದ ಕನ್ನಡ ವಾಕ್ಯ ಹೀಗಿತ್ತು: ‘ನಿಮ್ಮ ಟಿಕೆಟ್ ಸಂಬಂಧಿತ ಟಿಕೆಟ್‌ನ ಸ್ಥಿತಿಯು ಪರಿಹರಿಸಲ್ಪಟ್ಟಿರುವುದಾಗಿ ನವೀಕರಿಸಲ್ಪಟ್ಟಿದೆ.’ ಓದಿ ನನಗೆ ಉಸಿರು ಸಿಕ್ಕಿಕೊಂಡಿತು. ಕರ್ತೃ ಇಲ್ಲ, ಎರಡು ಕರ್ಮಣಿ, ಗ್ರಾಹಕ ಏನು ಮಾಡಬೇಕೆಂಬ ಸೂಚನೆಯಿಲ್ಲ. “ಇದನ್ನು ನಿನ್ನ ತಾಯಿಗೆ ಓದಿ ಹೇಳು, ಅರ್ಥವಾದರೆ ಇಟ್ಟುಕೋ,” ಎಂದೆ. ಕೊನೆಗೆ ಇಬ್ಬರೂ ಕುಳಿತು ಬರೆದದ್ದು ಇಷ್ಟು: ‘ನೀವು ತಿಳಿಸಿದ ದೋಷಕ್ಕೆ ಕಾರಣವಾಗಿದ್ದ ಇನ್ನೊಂದು ದೋಷವನ್ನು ನಮ್ಮವರು ಸರಿಪಡಿಸಿದ್ದಾರೆ. ಹೊಸ ಆವೃತ್ತಿ ಈ ದಿನ ನಿಮಗೆ ಸಿಗುತ್ತದೆ. ಆಮೇಲೂ ತೊಂದರೆ ಕಂಡರೆ ಇಲ್ಲಿಯೇ ಬರೆಯಿರಿ. ಇದು ಯಂತ್ರ ಬರೆದ ಸೂಚನೆ.’

‘ಈ ದಿನ’ ಎಂಬಲ್ಲಿ ಯಂತ್ರ ದಿನಾಂಕವನ್ನು ತುಂಬಬೇಕು. ಅದು ೩-೪ ಎಂದು ತುಂಬುತ್ತಿತ್ತು. ಅಮೆರಿಕದವರಿಗೆ ಅದು ಮಾರ್ಚ್ ೪, ನಮಗೆ ಏಪ್ರಿಲ್ ೩. ತಿಂಗಳನ್ನು ಅಕ್ಷರದಲ್ಲಿ ಬರೆಯುವಂತೆ ನಿಯಮವನ್ನು ತಿದ್ದುವುದಾಗಿ ಹೇಳಿ, ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ.